ಹದಿನಾಲ್ಕನೇ ಸೈಟು

ಸಮಾಧಿ ಇರುವ ಜಮೀನಿಗೆ ಬಡಾವಣೆ ನಕ್ಷೆ ಮಂಜೂರಾಗುವುದಿಲ್ಲ ಎಂದು ತೋಂಟದಾರ್ಯನಿಗೆ ಹೇಳಿದವನು ನಾನು. ಅಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಇಪ್ಪತ್ತಾರು ವರ್ಷದಿಂದ ತಿಪಟೂರಿನಲ್ಲಿ ನಕ್ಷೆ ಬರೆದುಕೊಂಡು ಬದುಕುತ್ತಿರುವ ನನಗೆ ಅದು ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಗೊತ್ತಿತ್ತು. ಅವನು ಬಂದು ಕೂತು ಎರಡು ಗಂಟೆಯಾಗಿತ್ತು, ನನಗೆ ಊಟಕ್ಕೆ ಹೊತ್ತಾಗಿತ್ತು, ಹೇಗಾದರೂ ಅವನನ್ನು ಎಬ್ಬಿಸಬೇಕಾಗಿತ್ತು. ಅಷ್ಟೇ.

ತೋಂಟದಾರ್ಯ ಮತ್ತು ನಾನು ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚು. ಆಮೇಲೆ ನಾನು ಡ್ರಾಯಿಂಗ್ ಕಲಿಯಲು ಹೋದೆ, ಅವನು ಹಾಲ್ಕುರಿಕೆ ರಸ್ತೆಯಲ್ಲಿದ್ದ ಅವರ ತೋಟಕ್ಕೆ ಹೋದ. ನಾಲ್ಕು ಎಕರೆ ತೆಂಗು. ಅವನ ತಂದೆ ಬಸವರಾಜಪ್ಪನವರು ಹತ್ತು ವರ್ಷದ ಹಿಂದೆ ಇಬ್ಬರು ಗಂಡುಮಕ್ಕಳಿಗೂ ಭಾಗ ಮಾಡಿ ರಿಜಿಸ್ಟರ್ ಮಾಡಿಸಿದರು. ಚೀಟಿ ಎತ್ತಿದಾಗ ರಸ್ತೆ ಕಡೆಯ ಎರಡು ಎಕರೆ ಕಿರಿಯವನಾದ ಬಸವಕುಮಾರನಿಗೆ ಬಂತು, ಹಿಂದಿನ ಎರಡು ಎಕರೆ ಇವನಿಗೆ. ಬಸವಕುಮಾರನಿಗೆ ತಿಪಟೂರಿನಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ. ತೋಟದ ಕಡೆ ಅವನು ತಲೆ ಹಾಕಿದ್ದು ಕಡಿಮೆ. ತಮ್ಮನ ಭಾಗಕ್ಕೂ ನೀರು ಹಾಯಿಸಿ, ಗೊಬ್ಬರ ಕೊಟ್ಟು, ಕಾಯಿ ಕೀಳಿಸಿ ಅಂಗಡಿಗೆ ಮುಟ್ಟಿಸುತ್ತಿದ್ದವನು ಇವನೇ. ಭಾಗವಾದದ್ದು ಕಾಗದದಲ್ಲಿ ಮಾತ್ರ. ತೋಂಟದಾರ್ಯನ ಮಟ್ಟಿಗೆ ಅದು ಒಂದೇ ತೋಟವಾಗಿತ್ತು, ಅವನ ಎಡವಟ್ಟೆಲ್ಲ ಶುರುವಾದದ್ದು ಅಲ್ಲಿಂದಲೇ.

ಹೋದ ವರ್ಷ ಬಸವಕುಮಾರ ಲೇಔಟ್ ಮಾಡುವ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡ. ಅವನ ಜಮೀನು, ಅವನ ಇಷ್ಟ. ಬಸವರಾಜಪ್ಪನವರೂ ಅದನ್ನೇ ಹೇಳಿದರು. ಭೂ ಪರಿವರ್ತನೆ ಆಯಿತು, ನಕ್ಷೆ ಬರೆಯುವ ಕೆಲಸ ನನಗೆ ಬಂತು. ಇಪ್ಪತ್ತಾರು ಸೈಟು, ಮೂವತ್ತಡಿಯ ಎರಡು ರಸ್ತೆ, ಕಲ್ಲುಬಂಡೆಯಿದ್ದ ದಕ್ಷಿಣದ ಮೂಲೆಯಲ್ಲಿ ಒಂದು ಪಾರ್ಕು. ಸ್ನೇಹಿತನ ಮನೆಯ ತೋಟ ಎಂದು ನಾನು ಬಿಟ್ಟಿದ್ದರೆ ಇನ್ನೊಬ್ಬ ಬರೆಯುತ್ತಿದ್ದ. ಈ ಮಾತನ್ನು ಬಹಳ ಜನ ಬಹಳ ಕೆಲಸಗಳಿಗೆ ಹೇಳುತ್ತಾರೆ, ನಾನೂ ಹೇಳುತ್ತೇನೆ.

ತೋಂಟದಾರ್ಯ ತಕರಾರು ಅರ್ಜಿ ಹಾಕಿದ. ‘ಅರ್ಜಿದಾರರಿಗೆ ಸದರಿ ಸ್ವತ್ತಿನಲ್ಲಿ ಯಾವುದೇ ಹಕ್ಕು ಇಲ್ಲದಿರುವುದರಿಂದ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ’ ಎಂದು ಉತ್ತರ ಬಂತು. ಅದನ್ನು ಹಿಡಿದುಕೊಂಡು ಅವನು ನನ್ನ ಆಫೀಸಿಗೆ ಬಂದದ್ದು ಜನವರಿಯ ಒಂದು ಮಧ್ಯಾಹ್ನ. ನಕ್ಷೆಯನ್ನು ಟೇಬಲ್ಲಿನ ಮೇಲೆ ಹರಡಿಸಿಕೊಂಡು ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದ.

“ಲೇ ಮೋಹನಾ, ಈ ರಸ್ತೆ ಬಾವಿಯಿಂದ ಮೂರನೇ ಸಾಲಿನ ಮೇಲೆ ಬತ್ತದೆ.”

“ಇರಬೋದು.”

“ಇರಬೋದು ಅಂದ್ರೆ? ನಾನು ಐದನೇ ಕ್ಲಾಸಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿದ ಸಾಲು ಕಣ್ಲಾ ಅದು. ಒಟ್ಟು ನೂರಾ ನಾಲ್ಕು ಮರ ಅವೆ. ಇದನ್ನ ನಿಲ್ಸಕ್ಕೆ ಏನ್ ಮಾಡ್ಬೇಕು ಹೇಳು.”

“ಏನೂ ಮಾಡಕ್ಕಾಗಲ್ಲ. ಜಮೀನು ನಿನ್ನದಲ್ಲ.”

“ಏನೂ ಅಂದ್ರೆ ಏನೂ ಇಲ್ವಾ?”

ಈ ಪ್ರಶ್ನೆಯನ್ನು ಅವನು ಆರನೇ ಸಲವೋ ಏಳನೇ ಸಲವೋ ಕೇಳುತ್ತಿದ್ದ. ಟಿಫಿನ್ ಕ್ಯಾರಿಯರ್ ನನ್ನ ಪಕ್ಕದಲ್ಲೇ ಇತ್ತು.

“ಸಮಾಧಿಗಿಮಾಧಿ ಇದ್ದಿದ್ರೆ ಬೇರೆ ಮಾತು. ಸಮಾಧಿ ಇರೋ ಜಾಗಕ್ಕೆ ಪ್ಲಾನ್ ಕೊಡಲ್ಲ.”

“ಒಂದೇ ಒಂದಿದ್ರೂ?”

“ಒಂದೇ ಸಾಕು. ಏಳು, ಊಟ ಮಾಡಾವ.”

ಅವನು ಎದ್ದ. ಊಟ ಬೇಡವೆಂದ. ಹೋಗುವಾಗ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡ.

ಬಸವರಾಜಪ್ಪನವರಿಗೆ ಆಗ ಎಂಬತ್ತನಾಲ್ಕು. ತೋಟದ ಪಕ್ಕದಲ್ಲೇ ಇದ್ದ ತೋಂಟದಾರ್ಯನ ಮನೆಯಲ್ಲಿ ಇದ್ದರು. ಆ ತಿಂಗಳ ಮೊದಲಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದರು. ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲ ಅವರು ಒಂದು ಮಾತು ಹೇಳುತ್ತಿದ್ದರು: “ನಾನು ಹೋದಾಗ ಬಾವಿ ಪಕ್ಕದ ಮೊದಲನೇ ಸಾಲಲ್ಲಿ ಕೂರ್ಸಿ.” ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಸ್ವಂತ ತೋಟವಿದ್ದರೆ ತೋಟದಲ್ಲೇ. ಆ ಮೊದಲ ಸಾಲು ಈಗ ಬಸವಕುಮಾರನ ಭಾಗದಲ್ಲಿತ್ತು. ನನ್ನ ನಕ್ಷೆಯಲ್ಲಿ ಅದು ಹದಿನಾಲ್ಕನೇ ಸೈಟು. ತಂದೆಯ ಕೊನೆಯ ಆಸೆಗೆ ಊರೆಲ್ಲರ ಮುಂದೆ ಒಲ್ಲೆ ಎನ್ನುವಷ್ಟು ಎದೆ ಬಸವಕುಮಾರನಿಗೆ ಇಲ್ಲ. ಅದು ಅವನಿಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು, ಲೇಔಟಿನವರಿಗೂ ಯಾರೋ ಹೇಳಿದ್ದರು.

ಹೀಗಾಗಿ ಆ ಬೇಸಿಗೆಯಲ್ಲಿ ಆ ಮುದುಕರ ಆರೋಗ್ಯದ ಮೇಲೆ ಎಲ್ಲರಿಗೂ ಎಲ್ಲಿಲ್ಲದ ಕಾಳಜಿ ಹುಟ್ಟಿತು. ಬಸವಕುಮಾರ ವಾರಕ್ಕೊಮ್ಮೆ ಕಾರಿನಲ್ಲಿ ಡಾಕ್ಟರನ್ನು ಕರೆತರುತ್ತಿದ್ದ. ಲೇಔಟಿನವರು ಸೇಬು, ದಾಳಿಂಬೆ, ಶಕ್ತಿ ಬರುವ ಪುಡಿಯ ಡಬ್ಬಗಳನ್ನು ಕಳಿಸುತ್ತಿದ್ದರು. ಅವರ ಮ್ಯಾನೇಜರು ನನಗೇ ಎರಡು ಸಲ ಫೋನ್ ಮಾಡಿ ‘ಅಜ್ಜ ಹೇಗಿದ್ದಾರೆ ಸಾರ್’ ಎಂದು ವಿಚಾರಿಸಿದ. ಮಂಜೂರಾಗಿ, ಮರ ಕಡಿದು, ಬಾವಿ ಮುಚ್ಚುವ ತನಕ ಅಜ್ಜ ಬಾಳಿದರೆ ಸಾಕಿತ್ತು. ಆಮೇಲೆ ಮೊದಲನೇ ಸಾಲು ಎಲ್ಲಿದೆಯೆಂದು ಯಾರು ಹುಡುಕುತ್ತಾರೆ?

ಅವರ ಸಾವಿಗೆ ಕಾಯುತ್ತಿದ್ದವನು ತೋಂಟದಾರ್ಯ ಒಬ್ಬನೇ. ಮೈ ಒರೆಸಿ, ಮಗ್ಗುಲು ಬದಲಿಸಿ, ಬೆಳಗಾದರೆ ಎಳನೀರು, ಹತ್ತು ಗಂಟೆಗೆ ರಾಗಿ ಗಂಜಿ ಕುಡಿಸಿ ಅವರನ್ನು ಬದುಕಿಸಿದವನೂ ಅವನೇ. ಮನಸ್ಸಿನಲ್ಲಿ ಏನಿದ್ದರೂ ಕೈಗೆ ಬೇರೆ ರೀತಿ ಆರೈಕೆ ಮಾಡಲು ಬರುತ್ತಿರಲಿಲ್ಲ. ಯುಗಾದಿಯ ದಿನ ಅವನು ಫೋನ್ ಮಾಡಿದ.

“ಅಪ್ಪಯ್ಯ ಎದ್ದು ಕೂತ್ಕಂಡ್ರು ಕಣ್ಲಾ. ಎರಡು ಒಬ್ಬಟ್ಟು ತಿಂದ್ರು.”

ಸಂತೋಷವಾಗಿಯೇ ಹೇಳಿದ, ಅದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ “ಮೀಟಿಂಗ್ ಯಾವತ್ತು?” ಎಂದು ಕೇಳಿದ. ನಕ್ಷೆ ಮಂಜೂರು ಮಾಡುವ ಮೀಟಿಂಗು. ಬರುವ ವಾರ, ಗುರುವಾರ ಎಂದೆ.

ಆ ಗುರುವಾರಕ್ಕೆ ಎರಡು ದಿನ ಮೊದಲು, ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಬಸವರಾಜಪ್ಪನವರು ತೀರಿಕೊಂಡರು. ವಯಸ್ಸಾಗಿತ್ತು. ಹೋದರು ಎಂದರೆ ಹೋದರು ಎಂದುಕೊಂಡರು ಜನ. ನಾನು ನಾಲ್ಕು ಗಂಟೆಗೆ ಹೋದಾಗ ಮಠದ ಅಯ್ಯನವರು ಬಂದಿದ್ದರು, ವಿಭೂತಿ ಹಚ್ಚಿ ಹೂವಿನ ನಡುವೆ ಕೂರಿಸಿದ್ದರು. ಮೊದಲ ಸಾಲಿನಲ್ಲಿ ಗುಂಡಿ ತಯಾರಿತ್ತು. ನನ್ನ ಕಸುಬಿನ ಕಣ್ಣಿಗೆ ಅದು ಎದ್ದು ಕಂಡಿತು: ಮೂಲೆಗಳು ನೆಟ್ಟಗೆ, ಗೋಡೆ ನುಣುಪಾಗಿ, ಮಣ್ಣು ಒಂದೇ ಪಕ್ಕಕ್ಕೆ. ಅವಸರದಲ್ಲಿ ತೋಡಿದ ಗುಂಡಿ ಹಾಗಿರುವುದಿಲ್ಲ ಎಂದು ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಚೆನ್ನಾಗಿ ತೋಡಿದ್ದಾರೆ ಎಂದುಕೊಂಡೆ.

ಬಸವಕುಮಾರ ಗುಂಡಿಯನ್ನು ನೋಡಿದ, ಅಣ್ಣನನ್ನು ನೋಡಿದ, ಅಳುತ್ತ ತಲೆಯಾಡಿಸಿದ. ಲೇಔಟಿನ ಮ್ಯಾನೇಜರು ರಸ್ತೆಯಲ್ಲಿ ಕಾರಿನ ಪಕ್ಕ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಐದೂವರೆಗೆ ಎಲ್ಲ ಮುಗಿಯಿತು.

ಮಾರನೇ ದಿನ ತೋಂಟದಾರ್ಯ ನನ್ನ ಆಫೀಸಿಗೆ ಬಂದ. ಹಣೆಯ ತುಂಬ ವಿಭೂತಿ. ಸಮಾಧಿಯ ಫೋಟೋಗಳನ್ನು ಪ್ರಿಂಟ್ ಹಾಕಿಸಿ ತಂದಿದ್ದ.

“ಇದನ್ನ ಪ್ಲಾನಲ್ಲಿ ತೋರ್ಸು.”

ತೋರಿಸಿದೆ. ಹದಿನಾಲ್ಕನೇ ಸೈಟಿನ ಮಧ್ಯೆ ಸಣ್ಣ ಚೌಕ ಬರೆದು ‘ಸಮಾಧಿ’ ಎಂದು ನಮೂದಿಸಿದೆ. ಅವತ್ತಾದರೂ ನಾನು ನಿಜ ಹೇಳಬಹುದಿತ್ತು: ಮಾರಾಯ, ಇದರಿಂದ ಏನೂ ನಿಲ್ಲುವುದಿಲ್ಲ, ಅವತ್ತು ಬಾಯಿಗೆ ಬಂದದ್ದು ಹೇಳಿದೆ ಎಂದು. ಆದರೆ ಸೂತಕದ ಮನೆಯವನು, ಮುಖದಲ್ಲಿ ಏನೋ ನೆಮ್ಮದಿ ಕಾಣುತ್ತಿತ್ತು. ಹಾಳು ಮಾಡುವುದು ಯಾಕೆ ಎಂದು ಸುಮ್ಮನಾದೆ. ಗುರುವಾರದ ಮೀಟಿಂಗಿನಲ್ಲಿ, ಸ್ಥಳದಲ್ಲಿ ಬದಲಾವಣೆ ಆಗಿರುವುದರಿಂದ ಪರಿಶೀಲಿಸುವುದು ಎಂದು ಬರೆದು ಫೈಲನ್ನು ಮುಂದಕ್ಕೆ ಹಾಕಿದರು. ತೋಂಟದಾರ್ಯ ಅದನ್ನು ಗೆಲುವು ಎಂದುಕೊಂಡ.

ಹನ್ನೊಂದನೇ ದಿನ ಶಿವಗಣಾರಾಧನೆ. ಊಟದ ಸಾಲಿನಲ್ಲಿ ನನ್ನ ಎಡಗಡೆ ಬಸವಕುಮಾರ, ಅವನ ಆ ಕಡೆ ರಂಗಪ್ಪ. ರಂಗಪ್ಪ ಕಾಯಿ ಸುಲಿಯುವವನು. ಸುತ್ತಿನ ನಾಲ್ಕೈದು ಹಳ್ಳಿಗೆ ಸಮಾಧಿ ಗುಂಡಿ ತೋಡುವವನೂ ಅವನೇ. ಆ ಗುಂಡಿಗೆ ಟೇಪು ಹಿಡಿಯುವುದಿಲ್ಲವಂತೆ. ಸತ್ತವರ ಪಾದವೇ ಅಳತೆ. ತೆಂಗಿನ ಗರಿಯ ಕಡ್ಡಿಯೊಂದನ್ನು ಅವರ ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ಇಟ್ಟು ಮುರಿದು, ಆ ಕಡ್ಡಿಯಲ್ಲಿ ಒಂಬತ್ತು ಪಾದ ಎಣಿಸಿ ತೋಡುತ್ತಾರೆ. ಇದನ್ನು ರಂಗಪ್ಪ ಪಾಯಸ ಹೀರುತ್ತ ನನಗೆ ವಿವರಿಸಿದ. ಆಮೇಲೆ ಬಸವಕುಮಾರನ ಕಡೆ ತಿರುಗಿದ.

“ನಿಮ್ಮಣ್ಣ ಇದ್ದಂಗೆ ಇರ್ಬೇಕು ಕಣಪ್ಪ. ಬೇರೆಯೋರು ಹೆಣ ಮಡಿಕ್ಕಂಡು ಆಳಿಗೆ ಅಲೀತಾರೆ. ಇವ್ರು ಸೋಮವಾರ ಸಂಜೇನೆ ಅಳತೆ ಕಡ್ಡಿ ಕೊಟ್ಟು ಹೇಳಿಟ್ಟಿದ್ರು. ಇಲ್ಲಾಂದ್ರೆ ಮಂಗಳವಾರ ನಾನು ಬೇರೆ ಕಡೆ ಸುಲಿಯಕ್ಕೆ ಹೋಗ್ಬುಡ್ತಿದ್ದೆ.”

ಬಸವಕುಮಾರನ ಕೈ ಎಲೆಯ ಮೇಲೆ ನಿಂತಿತು. “ಅಪ್ಪಯ್ಯ ತೀರ್ಕಂಡಿದ್ದು ಮಂಗಳವಾರ ಮಧ್ಯಾಹ್ನ.”

“ಅದ್ಕೇ ಹೇಳಿದ್ದು. ಎಂಟು ಗಂಟೆಗೆ ತೋಡಕ್ಕೆ ನಿಂತೆ. ಗುಂಡಿ ಮುಗ್ಸಿ ನೀರು ಕುಡೀತಿದ್ದೆ, ಅಷ್ಟರಲ್ಲಿ ಮನೇಲಿ ಅಳೋದು ಕೇಳ್ತು. ಕೊನೇ ಉಸಿರಲ್ಲಿ ಅವ್ರೆ ಅಂತ ಅಂದ್ಕಂಡಿದ್ದೆ...”

ರಂಗಪ್ಪ ಮಾತು ನಿಲ್ಲಿಸಿದ. ತಾನು ಏನು ಹೇಳಿದೆನೆಂದು ಅವನಿಗೇ ಆಗ ಗೊತ್ತಾಯಿತು. ಎದುರು ಸಾಲಿನಲ್ಲಿ ತೋಂಟದಾರ್ಯ ಬಗ್ಗಿ ಬಗ್ಗಿ ತುಪ್ಪ ಬಡಿಸುತ್ತಿದ್ದ.

ನಮ್ಮ ಕಡೆ ಆಳು ಸಿಗುವುದು ಎಷ್ಟು ಕಷ್ಟ ಎಂದು ಗೊತ್ತಿಲ್ಲದವರಿಗೆ ಹಿಂದಿನ ದಿನವೇ ಗುಂಡಿಗೆ ಹೇಳಿಟ್ಟದ್ದು ಹುಚ್ಚುತನ ಅನ್ನಿಸಬಹುದು. ಕಾಯಿ ಕೀಳುವುದಕ್ಕಾಗಲಿ, ಸುಲಿಯುವುದಕ್ಕಾಗಲಿ, ಹಿಂದಿನ ಸಂಜೆ ಹೇಳಿಡದಿದ್ದರೆ ಬೆಳಗ್ಗೆ ಒಬ್ಬನೂ ಸಿಗುವುದಿಲ್ಲ. ಮೂವತ್ತೈದು ವರ್ಷ ತೋಂಟದಾರ್ಯ ಯಾವ ಕೆಲಸವನ್ನೂ ಆಳಿಗೆ ಹೇಳಿಡದೆ ಶುರುಮಾಡಿದವನಲ್ಲ. ಇದನ್ನೂ ಹಾಗೇ ಮಾಡಿದ. ಅವನಿಗೆ ಗುರುವಾರದ ಮೊದಲು ಸಮಾಧಿ ಬೇಕಿತ್ತು, ರಂಗಪ್ಪ ಬುಧವಾರ ಬೇರೆ ಊರಿಗೆ ಹೋಗುವವನಿದ್ದ. ಮಿಕ್ಕಿದ್ದು ಮಂಗಳವಾರ.

ಬಸವಕುಮಾರ ಎಲೆ ಬಿಟ್ಟು ಎದ್ದು ಸ್ಟೇಷನ್ನಿಗೆ ಹೋದ. ಎರಡು ದಿನದ ಮೇಲೆ ಪೊಲೀಸರು, ತಹಶೀಲ್ದಾರರು, ಡಾಕ್ಟರು ಎಲ್ಲರೂ ತೋಟಕ್ಕೆ ಬಂದರು. ಅಳತೆಗೆ ಬೇಕಾಗಬಹುದೆಂದು ನನ್ನನ್ನೂ ಕರೆಸಿದ್ದರು. ಗುದ್ದಲಿ ಇಳಿಸುವುದನ್ನು ನೋಡಿದ ತೋಂಟದಾರ್ಯ ಓಡಿ ಬಂದು ಸಮಾಧಿಯ ಮೇಲೆ ಕೂತುಬಿಟ್ಟ.

“ತೆಗೀಬ್ಯಾಡಿ ಸಾಮಿ. ತೆಗಿಯೋದೇನೂ ಬ್ಯಾಡ. ನಾನೇ ಮಾಡಿದ್ದು, ಬರ್ಕಳಿ. ಊಟ ಮಾಡ್ಸಿದೆ, ಮಜ್ಜಿಗೆ ಕುಡಿಸ್ದೆ, ಮಲಗಿಸ್ದೆ. ಆಮೇಲೆ ದಿಂಬು ಇಟ್ಟು ಒತ್ತಿದೆ. ಎಲ್ಲಿ ರುಜು ಹಾಕ್ಬೇಕು ಹೇಳಿ.”

ಇಷ್ಟು ಬೇಗ ಒಪ್ಪಿಕೊಂಡವನನ್ನು ತಾನು ನೋಡಿರಲಿಲ್ಲ ಎಂದು ಸಬ್ ಇನ್ಸ್‌ಪೆಕ್ಟರು ಆಮೇಲೆ ಹೇಳಿದರು. ಅವನು ಒಪ್ಪಿಕೊಂಡದ್ದು ಪಶ್ಚಾತ್ತಾಪದಿಂದಲ್ಲ, ಸಮಾಧಿ ಉಳಿಸುವುದಕ್ಕೆ. ಆದರೆ ಒಪ್ಪಿಕೊಂಡರೂ ಹೆಣ ತೆಗೆಯಲೇಬೇಕು, ಕಾನೂನು. ತೆಗೆದರು. ಡಾಕ್ಟರು ಅಲ್ಲೇ ಟೆಂಟು ಹಾಕಿಕೊಂಡು ತಮ್ಮ ಕೆಲಸ ಮಾಡಿದರು. ಕೈಕೋಳ ಹಾಕಿಸಿಕೊಂಡು ನಿಂತಿದ್ದ ತೋಂಟದಾರ್ಯ ತಹಶೀಲ್ದಾರರನ್ನು ಮತ್ತೆ ಮತ್ತೆ ಕೇಳುತ್ತಿದ್ದ, “ಮತ್ತೆ ಇಲ್ಲೇ ಮುಚ್ತೀರಾ?” ಅವರು ಬಸವಕುಮಾರನ ಕಡೆ ಕೈ ತೋರಿಸಿದರು: ಮನೆಯವರು ಹೇಳಿದ ಹಾಗೆ.

ಮ್ಯಾನೇಜರು ಬಸವಕುಮಾರನ ಕಿವಿಯಲ್ಲಿ ಏನೋ ಹೇಳಿದ. ಊರ ರುದ್ರಭೂಮಿಯ ಹೆಸರು ನನಗೂ ಕೇಳಿಸಿತು. ಬಸವಕುಮಾರ ತಲೆ ಎತ್ತಲಿಲ್ಲ.

“ಇಲ್ಲೇ ಇಡಿ. ಅಪ್ಪಯ್ಯ ಕೇಳಿದ್ದು ಇದೇ ಜಾಗ.”

ಅದನ್ನು ಕೇಳಿದ ಮೇಲೆ ತೋಂಟದಾರ್ಯ ತಾನಾಗಿಯೇ ಹೋಗಿ ಜೀಪು ಹತ್ತಿದ.

ಮಳೆಗಾಲ ಶುರುವಾಗುವ ಹೊತ್ತಿಗೆ ಫೈಲು ಒಂದು ಸಾಲಿನ ಷರಾದೊಂದಿಗೆ ನನ್ನ ಟೇಬಲ್ಲಿಗೆ ವಾಪಸು ಬಂತು: ಸಮಾಧಿ ಇರುವ ಜಾಗವನ್ನು ಉದ್ಯಾನವನವಾಗಿ ಕಾಯ್ದಿರಿಸಿ ಪರಿಷ್ಕೃತ ನಕ್ಷೆ ಸಲ್ಲಿಸುವುದು. ದಕ್ಷಿಣ ಮೂಲೆಯ ಪಾರ್ಕನ್ನು ಹದಿನಾಲ್ಕು, ಹದಿನೈದನೇ ಸೈಟುಗಳಿಗೆ ತಂದೆ, ಆ ಎರಡು ಸೈಟನ್ನು ಮೂಲೆಗೆ ಹಾಕಿದೆ. ಮುಕ್ಕಾಲು ಗಂಟೆಯ ಕೆಲಸ. ನಕ್ಷೆ ಮಂಜೂರಾಯಿತು. ಬಸವಕುಮಾರ ಬಡಾವಣೆಗೆ ತಂದೆಯ ಹೆಸರನ್ನೇ ಇಟ್ಟ. ಸಮಾಧಿಗೆ ಸುತ್ತ ಕಬ್ಬಿಣದ ಗ್ರಿಲ್ಲು ಹಾಕಿಸಿದ, ಸ್ವಂತ ಅಂಗಡಿಯದು. ದೀಪಾವಳಿಯ ಹೊತ್ತಿಗೆ ಮರಗಳು ಹೋದವು.

ಆ ವಾರ ತೋಂಟದಾರ್ಯನ ಹೆಂಡತಿ ಶಾಂತಕುಮಾರಿ ನನ್ನ ಆಫೀಸಿಗೆ ಬಂದಳು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

“ಅವ್ರಿಗೆ ಇನ್ನೂ ಗೊತ್ತಿಲ್ಲ ಅಣ್ಣ. ಜೈಲಿಗೆ ಹೋದಾಗೆಲ್ಲ ಪ್ಲಾನ್ ನಿಂತೈತಾ ಅಂತ ಕೇಳ್ತಾರೆ, ನಾನು ಹೂಂ ಅಂತೀನಿ. ಇನ್ನು ನನ್ಗಾಗಲ್ಲ. ನೀವೇ ಹೋಗಿ ಹೇಳಿ. ಮೊದಲು ಹೇಳಿದೋರು ನೀವೇ ತಾನೇ?”

ಅವಳು ಹೊರಟವಳು ಮತ್ತೆ ನಿಂತಳು.

“ಸೋಮವಾರ ಬೆಳಗ್ಗೆ ಮಾವನ ಕಾಲಿಗೆ ಎಣ್ಣೆ ಹಚ್ತಾ ಇವ್ರು ಕಡ್ಡಿ ಇಟ್ಟು ಅಳೀತಿದ್ರು. ಯಾಕ್ಲಾ, ಕಾಲಿಗೆ ಜೋಡು ತರ್ತೀಯಾ ಅಂದ್ರು ಮಾವ. ಇವ್ರು ಹೂಂ ಅಪ್ಪಯ್ಯ ಅಂದ್ರು. ಅವತ್ತೆಲ್ಲ ಬಂದೋರಿಗೆ ಹೋದೋರಿಗೆ ಅದೇ ಹೇಳ್ತಿದ್ರು ಮಾವ, ಮಗ ಹೊಸ ಜೋಡು ತರ್ತಾನೆ, ಇನ್ನು ತೋಟದ ತನಕ ನಡೀತೀನಿ ಅಂತ. ನಾನೂ ಖುಷಿ ಪಟ್ಟಿದ್ದೆ.”

ಅವಳು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಅತ್ತೆ. ಇದನ್ನು ಬರೆಯಲು ನಾಚಿಕೆಯೇನೂ ಇಲ್ಲ. ನಾಚಿಕೆಯಾಗಬೇಕಾದದ್ದು ಬೇರೆ ಇದೆ.

ಮುಂದಿನ ಸೋಮವಾರ ತುಮಕೂರಿನ ಜೈಲಿಗೆ ಹೋದೆ. ತೋಂಟದಾರ್ಯ ಇಳಿದುಹೋಗಿದ್ದ, ಆದರೆ ಮುಖ ಶಾಂತವಾಗಿತ್ತು. ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡವನ ಹಾಗಿದ್ದ. ನನ್ನನ್ನು ಕಂಡು ನಕ್ಕ.

“ಬಂದೆಯೇನ್ಲಾ. ಫೈಲು ಏನಂತೈತೆ?”

“ಮಂಜೂರಾಯ್ತು.”

ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ.

“ಸಮಾಧಿ?”

“ಐತೆ. ಅದರ ಸುತ್ತ ಪಾರ್ಕ್ ಮಾಡಿದ್ದಾರೆ. ಉಳಿದದ್ದೆಲ್ಲ ಸೈಟು.”

“ಒಂದೇ ಸಾಕು ಅಂದಿದ್ದೆ ನೀನು.”

“ಅಂದಿದ್ದೆ. ಸುಳ್ಳು ಅದು. ಅಂಥ ರೂಲು ಇಲ್ಲ. ಊಟಕ್ಕೆ ಹೊತ್ತಾಗಿತ್ತು, ನೀನು ಏಳ್ತಾ ಇರಲಿಲ್ಲ, ಬಾಯಿಗೆ ಬಂದದ್ದು ಹೇಳ್ದೆ.”

ಬೈಯಲಿ ಎಂದು ಕಾದೆ. ಅವನು ಕಂಬಿಯನ್ನು ಹಿಡಿದಿದ್ದ ತನ್ನ ಕೈಗಳನ್ನು ನೋಡುತ್ತಿದ್ದ.

“ಹಂಗಾದ್ರೆ ಅಪ್ಪಯ್ಯನ್ನ ಸುಮ್ನೆ ಸಾಯಿಸಿದ್ನಾ?”

“ಹೂಂ.”

ಪಕ್ಕದಲ್ಲಿ ಯಾರೋ ಹೆಂಗಸು ತನ್ನ ಮಗನಿಗೆ ವಕೀಲರ ವಿಷಯ ಜೋರಾಗಿ ಹೇಳುತ್ತಿದ್ದಳು. ಅದು ಮುಗಿದ ಮೇಲೆ ಅವನು ಕೇಳಿದ.

“ಮರ ಒಂದಾದ್ರೂ ಉಳೀತಾ?”

“ನಾಲ್ಕು. ಪಾರ್ಕಿನೊಳಗೆ.”

“ಯಾವ ನಾಲ್ಕು?”

“ಗೊತ್ತಿಲ್ಲ.”

ಅವತ್ತು ಮೊದಲ ಸಲ ಅವನಿಗೆ ಸಿಟ್ಟು ಬಂತು. ಸುಳ್ಳು ಹೇಳಿದೆನೆಂದಾಗ ಬಾರದ ಸಿಟ್ಟು. ಎರಡೂ ಕೈಯಲ್ಲಿ ಕಂಬಿ ಅಲ್ಲಾಡಿಸಿದ, ಕಾವಲಿನವನು ತಿರುಗಿ ನೋಡಿದ.

“ಗೊತ್ತಿಲ್ಲ ಅಂದ್ರೆ ಏನ್ಲಾ? ಯಾವ್ ಮರ ಎಲ್ಲೈತೆ ಅಂತ ಗೊತ್ತಿಲ್ದೆ ಹೆಂಗ್ಲಾ ಬರ್ದೆ?”

ಬಡಾವಣೆ ನಕ್ಷೆಯಲ್ಲಿ ಮರಗಳನ್ನು ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಮೊದಲನೇ ನಕ್ಷೆಯಲ್ಲೂ ನಾನು ಒಂದು ಮರವನ್ನೂ ಬರೆದಿರಲಿಲ್ಲ, ಎರಡನೆಯದರಲ್ಲೂ ಇಲ್ಲ. ಅದನ್ನೂ ಅವನಿಗೆ ಹೇಳಿದೆ.